ಮುರುಕು ಬಸ್ಸಿನ ಹಾಡುಗಾರ ಬಡ್ಡಿ ಹಾಲಿ

ಸಾಧಕರ ಪರಿಚಯದ ಈ ಪುಟಕ್ಕೆ ಸಾಮಾನ್ಯವಾಗಿ ವಿಜ್ಞಾನಿಗಳು, ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು ಬರುತ್ತಾರೆ. ಈ ಸಲ ನಾನು ಒಬ್ಬ ರಾಕ್ ಅಂಡ್ ರೋಲ್ ಹಾಡುಗಾರನನ್ನು ಕರೆತಂದಿದ್ದೇನೆ. ಭೌತಶಾಸ್ತ್ರ ಪಾಠ ಮಾಡುವವರಿಗೆ ಇದೆಲ್ಲ ಏಕೆ ಎಂದು ಸ್ಟಾಫ್ ರೂಮಿನಲ್ಲಿ ಕೇಳುವವರಿದ್ದಾರೆ. ಕಥೆಯ ಕೊನೆಯ ಭಾಗದಲ್ಲಿ ಒಂದು ಉಪಕರಣ ಬರುತ್ತದೆ, ಅದೇ ನನ್ನ ನೆಪ ಎಂದಿಟ್ಟುಕೊಳ್ಳಿ.

ಅವನ ಹೆಸರು ಬಡ್ಡಿ ಹಾಲಿ. ಕನ್ನಡದಲ್ಲಿ ಬರೆದರೆ ನಮ್ಮ ವಾಣಿಜ್ಯ ವಿಭಾಗದವರಿಗೆ ಬ್ಯಾಂಕಿನ ಹಾಲಿ ಬಡ್ಡಿದರ ನೆನಪಾದೀತು. ಹುಟ್ಟಿದ್ದು 1936ರ ಸೆಪ್ಟೆಂಬರ್ 7ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಲಬಕ್ ಎಂಬ ಊರಿನಲ್ಲಿ. ಇಟ್ಟ ಹೆಸರು ಚಾರ್ಲ್ಸ್ ಹಾರ್ಡಿನ್ ಹಾಲಿ. ನಾಲ್ವರು ಮಕ್ಕಳಲ್ಲಿ ಕೊನೆಯವನು. ಅಷ್ಟು ಪುಟ್ಟ ಹುಡುಗನಿಗೆ ಅಷ್ಟುದ್ದದ ಹೆಸರು ಭಾರವಾಯಿತೆಂದು ತಾಯಿ ಬಡ್ಡಿ ಎಂದು ಕರೆದರು. ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ಇ ಅಕ್ಷರ ಇತ್ತು. 1956ರಲ್ಲಿ ಡೆಕ್ಕಾ ರೆಕಾರ್ಡ್ ಕಂಪನಿಯ ಕರಾರುಪತ್ರದಲ್ಲಿ ಅದು ಬಿಟ್ಟುಹೋಯಿತು. ಅವನು ತಿದ್ದಿಸುವ ಗೋಜಿಗೆ ಹೋಗದೆ ಅದೇ ಹೆಸರನ್ನು ಇಟ್ಟುಕೊಂಡ. ಅವನನ್ನು ಏಕವಚನದಲ್ಲೇ ಬರೆಯುತ್ತಿದ್ದೇನೆ. ತೀರಿಕೊಂಡಾಗ ಅವನಿಗೆ 22 ವರ್ಷ, ಅಂದರೆ ನಾಲ್ಕೈದು ವರ್ಷದ ಹಿಂದೆ ನಮ್ಮ ಕಾಲೇಜಿನಿಂದ ಹೊರಟವರ ವಯಸ್ಸು.

ಮನೆಯಲ್ಲಿ ಅಣ್ಣಂದಿರು ವಾದ್ಯ ನುಡಿಸುತ್ತಿದ್ದರು. ಐದು ವರ್ಷದವನಿದ್ದಾಗ ಅವನನ್ನೂ ಪಿಟೀಲು ಹಿಡಿಸಿ ಒಂದು ಸ್ಪರ್ಧೆಗೆ ಕರೆದೊಯ್ದರಂತೆ. ಅವನಿಗೆ ನುಡಿಸಲು ಬರದ ಕಾರಣ ಸದ್ದೇ ಬಾರದಿರಲೆಂದು ಕಮಾನಿಗೆ ಗ್ರೀಸ್ ಸವರಿದ್ದರಂತೆ. ಹುಡುಗ ಬರೀ ಹಾಡಿ ಐದು ಡಾಲರ್ ಬಹುಮಾನ ಗೆದ್ದ. ಮುಂದೆ ಗಿಟಾರ್ ಕಲಿತ. ಕಣ್ಣು ಮಾತ್ರ ಬಹಳ ಮಂದ, ಕನ್ನಡಕ ತೆಗೆದರೆ ಎದುರಿಗಿರುವವರ ಮುಖ ಕಾಣದಷ್ಟು. 1955ರಲ್ಲಿ ಎಲ್ವಿಸ್ ಪ್ರೀಸ್ಲಿ ಲಬಕ್‌ಗೆ ಬಂದಾಗ, ಮುಖ್ಯ ಕಾರ್ಯಕ್ರಮಕ್ಕೂ ಮೊದಲು ಹಾಡುವ ಅವಕಾಶ ಸ್ಥಳೀಯ ಹುಡುಗನಾದ ಇವನಿಗೆ ಸಿಕ್ಕಿತು. ಅಲ್ಲಿಂದ ಮುಂದೆ ಬೇರೆ ಕೆಲಸದ ಯೋಚನೆ ಅವನ ತಲೆಗೆ ಬರಲಿಲ್ಲ.

ಡೆಕ್ಕಾದವರು ನ್ಯಾಶ್‌ವಿಲ್‌ಗೆ ಕರೆಸಿ ಹಾಡಿಸಿದರು. ರೆಕಾರ್ಡುಗಳು ಓಡಲಿಲ್ಲ, ಕರಾರು ಮುಂದುವರಿಯಲಿಲ್ಲ. ಆಗ ಅವನೂ ಗೆಳೆಯರೂ ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದ ಕ್ಲೋವಿಸ್ ಎಂಬ ಸಣ್ಣ ಊರಿಗೆ ಕಾರು ಓಡಿಸಿಕೊಂಡು ಹೋದರು. ಅಲ್ಲಿ ನಾರ್ಮನ್ ಪೆಟ್ಟಿ ಎಂಬವರ ಸ್ಟುಡಿಯೋ ಇತ್ತು. ಗಂಟೆಗೆ ಇಷ್ಟು ಎಂದು ಬಾಡಿಗೆ ವಸೂಲಿ ಮಾಡದೆ ಹಾಡಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದ ಕಾರಣ, ಸರಿಯಾಗುವವರೆಗೆ ಮತ್ತೆ ಮತ್ತೆ ನುಡಿಸಬಹುದಿತ್ತು. 1957ರ ಫೆಬ್ರುವರಿಯಲ್ಲಿ ಅಲ್ಲಿ 'ದಟಲ್ ಬಿ ದ ಡೇ' ಮುದ್ರಣವಾಯಿತು. ಜಾನ್ ವೇಯ್ನ್ ನಟಿಸಿದ ಒಂದು ಸಿನಿಮಾದಲ್ಲಿ ಆತ ಪದೇಪದೇ ಆಡುವ ಮಾತೇ ಹಾಡಿನ ಹೆಸರಾಯಿತು. ತೊಡಕೆಂದರೆ, ಇದೇ ಹಾಡನ್ನು ಹಿಂದಿನ ವರ್ಷ ಡೆಕ್ಕಾಗೆ ಹಾಡಿಕೊಟ್ಟಾಗಿತ್ತು. ಐದು ವರ್ಷ ಅದನ್ನು ಬೇರೆಯವರಿಗೆ ಹಾಡುವಂತಿಲ್ಲ ಎಂದು ಕರಾರು. ಆದ್ದರಿಂದ ಬಡ್ಡಿಯ ಹೆಸರು ಮುಚ್ಚಿಟ್ಟು ತಂಡಕ್ಕೊಂದು ಹೆಸರು ಹುಡುಕಿದರು. ಹುಳಹುಪ್ಪಟೆಗಳ ಹೆಸರು ನೋಡುತ್ತ ಜೀರುಂಡೆಗೆ ಬಂದು ನಿಂತರು, ತಂಡ 'ಕ್ರಿಕೆಟ್ಸ್' ಆಯಿತು. ನಮ್ಮ ಕ್ರೀಡಾ ವಿಭಾಗದವರು ಅಪಾರ್ಥ ಮಾಡಿಕೊಳ್ಳಬಾರದು, ಬ್ಯಾಟು ಚೆಂಡಿಗೂ ಇದಕ್ಕೂ ಸಂಬಂಧವಿಲ್ಲ.

ಸೆಪ್ಟೆಂಬರ್ ಹೊತ್ತಿಗೆ ಆ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಅಲ್ಲಿಂದ ಅವನ ಬದುಕು ಬಸ್ಸಿನಲ್ಲೇ.

ಆ ಕಾಲದ ಪ್ರವಾಸ ಹೇಗಿರುತ್ತಿತ್ತು ಎಂದು ಸ್ವಲ್ಪ ಹೇಳಬೇಕು. ಒಬ್ಬ ಹಾಡುಗಾರ ಒಂದಿಡೀ ರಾತ್ರಿ ಹಾಡುವ ಪದ್ಧತಿ ಇರಲಿಲ್ಲ. ಹತ್ತು ಹನ್ನೆರಡು ಹೆಸರುಗಳನ್ನು ಒಟ್ಟುಗೂಡಿಸಿ, ಎಲ್ಲರನ್ನೂ ಬಸ್ಸಿಗೆ ತುಂಬಿ, ದಿನಕ್ಕೊಂದು ಊರಿನಂತೆ ಕಳಿಸುತ್ತಿದ್ದರು. ಒಬ್ಬೊಬ್ಬರಿಗೆ ಮೂರು ನಾಲ್ಕು ಹಾಡು. ಕಾರ್ಯಕ್ರಮ ಮುಗಿದೊಡನೆ ಸಾಮಾನು ಏರಿಸಿ ಮುಂದಿನ ಊರಿನ ದಾರಿ. ನಿದ್ದೆ ಬಸ್ಸಿನ ಸೀಟಿನಲ್ಲಿ, ಊಟ ದಾರಿಬದಿಯಲ್ಲಿ. ನಮ್ಮ ಕಡೆಯ ನಾಟಕ ಕಂಪನಿಗಳ ಹಳಬರಿಗೆ ಇದು ಅರ್ಥವಾಗುತ್ತದೆ, ಆದರೆ ಕಂಪನಿಯವರು ಒಂದೂರಿನಲ್ಲಿ ತಿಂಗಳುಗಟ್ಟಲೆ ಬಿಡಾರ ಹೂಡುತ್ತಿದ್ದರು, ಇವರಿಗೆ ಒಂದು ರಾತ್ರಿಯೂ ಬಿಡಾರವಿಲ್ಲ.

1957ರ ಆಗಸ್ಟ್‌ನಲ್ಲಿ ಕ್ರಿಕೆಟ್ಸ್ ತಂಡವನ್ನು ವಾಷಿಂಗ್ಟನ್, ಬಾಲ್ಟಿಮೋರ್ ಮತ್ತು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅಪೋಲೋ ಥಿಯೇಟರಿಗೆ ಗೊತ್ತುಮಾಡಲಾಗಿತ್ತು. ಮೂರೂ ಕರಿಯ ಜನಾಂಗದ ಪ್ರೇಕ್ಷಕರ ರಂಗಮಂದಿರಗಳು. ಪರದೆ ಸರಿದಾಗ ಟೆಕ್ಸಾಸಿನ ಬಿಳಿಯ ಹುಡುಗರು ಗಿಟಾರ್ ಹಿಡಿದು ನಿಂತಿದ್ದು ಕಂಡು ಅಪೋಲೋದ ಜನ ಮೊದಲು ತಣ್ಣಗಿದ್ದರು. ಹುಡುಗರು ಬಿಟ್ಟು ಓಡಲಿಲ್ಲ. ದಿನದಿನಕ್ಕೂ ಹಾಡುಗಳನ್ನು ಬದಲಿಸಿ, ಬೋ ಡಿಡ್ಲಿಯ ಲಯ ಹಿಡಿದು ನುಡಿಸಿ, ವಾರ ಮುಗಿಯುವುದರೊಳಗೆ ಅವರನ್ನು ಗೆದ್ದರು. ನನ್ನನ್ನು ಕೇಳಿದರೆ ಮೊದಲ ಸ್ಥಾನದ ರೆಕಾರ್ಡಿಗಿಂತ ಇದು ದೊಡ್ಡ ಗೆಲುವು.

ಅದರ ಬೆನ್ನಿಗೇ ಸೆಪ್ಟೆಂಬರಿನಿಂದ ನವೆಂಬರ್ ಕೊನೆಯವರೆಗೆ ಸುಮಾರು 80 ದಿನಗಳ ಪ್ರವಾಸ. ಫ್ಯಾಟ್ಸ್ ಡಾಮಿನೋ, ಚಕ್ ಬೆರ್ರಿಯಂಥ ಕರಿಯ ಕಲಾವಿದರೂ ಇವರೂ ಒಂದೇ ತಂಡ. ಪ್ರಯಾಣದಲ್ಲಿ ಜೊತೆ, ಆದರೆ ದಕ್ಷಿಣದ ರಾಜ್ಯಗಳನ್ನು ಹೊಕ್ಕೊಡನೆ ಕಾನೂನು ಅಡ್ಡ ಬರುತ್ತಿತ್ತು. ಕೆಲವು ಊರುಗಳಲ್ಲಿ ಕರಿಯರೂ ಬಿಳಿಯರೂ ಒಂದೇ ವೇದಿಕೆಗೆ ಬರುವಂತಿರಲಿಲ್ಲ. ಅಂಥ ಕಡೆ ಕ್ರಿಕೆಟ್ಸ್ ಮತ್ತಿತರ ಬಿಳಿಯ ಹಾಡುಗಾರರನ್ನು ಕೈಬಿಟ್ಟು ಕಾರ್ಯಕ್ರಮ ನಡೆಸುತ್ತಿದ್ದರು. ಹೋಟೆಲ್ಲುಗಳೂ ಬೇರೆ ಬೇರೆ. ನಿನ್ನೆ ರಾತ್ರಿ ಪಕ್ಕದಲ್ಲಿ ಕೂತು ಹಾಡು ಕಟ್ಟಿದವನ ಜೊತೆ ಇಂದು ಊಟಕ್ಕೆ ಕೂರುವಂತಿಲ್ಲ. ಈ 80 ದಿನ ಮುಗಿದ ಮೇಲೆ ತಂಡದ ಎರಡನೆಯ ಗಿಟಾರಿನವನು, ನಿಕಿ ಸಲಿವನ್, ಸಾಕೆಂದು ಮನೆಗೆ ಹೋದ. ಅವನನ್ನು ದೂರುವಂತಿಲ್ಲ.

ಉಳಿದ ಮೂವರು ನಿಲ್ಲಲಿಲ್ಲ. 1958ರ ಆರಂಭದಲ್ಲಿ ಆಸ್ಟ್ರೇಲಿಯಾ, ಮಾರ್ಚ್‌ನಲ್ಲಿ ಇಂಗ್ಲೆಂಡ್. ಇಂಗ್ಲೆಂಡಿನಲ್ಲಿ 25 ದಿನಗಳಲ್ಲಿ 50 ಪ್ರದರ್ಶನ, ರಾತ್ರಿಗೆ ಎರಡರಂತೆ. ಲಿವರ್‌ಪೂಲಿನ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಎಂಬ ಇಬ್ಬರು ಹುಡುಗರು ಇವನನ್ನು ಟಿವಿಯಲ್ಲಿ ನೋಡಿ, ಗಿಟಾರಿನ ಮೇಲೆ ಅವನ ಬೆರಳು ಎಲ್ಲಿ ಬೀಳುತ್ತದೆ ಎಂದು ಕಣ್ಣಿಟ್ಟರು. ಲೆನನ್‌ಗೂ ಕಣ್ಣು ಮಂದ, ಕನ್ನಡಕ ಹಾಕಲು ನಾಚಿಕೆ. ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ ಹಾಕಿಕೊಂಡೇ ವೇದಿಕೆಗೆ ಬರುವ ಬಡ್ಡಿ ಅವನಿಗೆ ಧೈರ್ಯ ತಂದ. ಆ ಹುಡುಗರು ಅದೇ ವರ್ಷ ಮೊದಲ ಸಲ ರೆಕಾರ್ಡ್ ಮಾಡಿದ್ದು 'ದಟಲ್ ಬಿ ದ ಡೇ' ಹಾಡನ್ನೇ. ಮುಂದೆ ತಮ್ಮ ತಂಡಕ್ಕೆ ಬೀಟಲ್ಸ್ ಎಂದು ಹುಳದ ಹೆಸರಿಟ್ಟುಕೊಂಡಾಗಲೂ ಅವರ ತಲೆಯಲ್ಲಿ ಕ್ರಿಕೆಟ್ಸ್ ಇತ್ತು. ಎರಡು ಗಿಟಾರ್, ಒಂದು ಬೇಸ್, ಒಂದು ಡ್ರಮ್, ಹಾಡನ್ನು ತಾವೇ ಬರೆಯುವುದು: ಇಂದು ಯಾವ ಕಾಲೇಜು ಹುಡುಗರು ಬ್ಯಾಂಡ್ ಕಟ್ಟಿದರೂ ಇದೇ ಅಚ್ಚು.

1958ರ ಜೂನ್‌ನಲ್ಲಿ ನ್ಯೂಯಾರ್ಕಿನ ಒಂದು ಸಂಗೀತ ಪ್ರಕಾಶನ ಕಚೇರಿಯಲ್ಲಿ ಮರಿಯಾ ಎಲೆನಾ ಸಾಂಟಿಯಾಗೋ ಎಂಬ ಯುವತಿಯ ಪರಿಚಯವಾಯಿತು. ಮೊದಲ ಭೇಟಿಯ ದಿನವೇ ಮದುವೆಯ ಪ್ರಸ್ತಾಪ ಮಾಡಿದ, ಆಗಸ್ಟ್ 15ಕ್ಕೆ ಮದುವೆಯೂ ಆಯಿತು. ಬೆಳಿಗ್ಗೆ ಒಂದೂರು ಸಂಜೆ ಒಂದೂರು ಎಂದು ಬದುಕುವವನಿಗೆ ನಿಧಾನಿಸಲು ಸಮಯವೆಲ್ಲಿ?

ಹಣದ ವಿಷಯ ಇಲ್ಲಿಂದ ಕೆಡುತ್ತದೆ. ಸ್ಟುಡಿಯೋದ ಪೆಟ್ಟಿಯವರೇ ತಂಡದ ಮ್ಯಾನೇಜರ್ ಆಗಿದ್ದರು. ರೆಕಾರ್ಡುಗಳಿಂದ ಬಂದ ಹಣ ಅವರ ಹಿಡಿತದ ಖಾತೆಗೆ ಹೋಗುತ್ತಿತ್ತು, ಹಲವು ಹಾಡುಗಳಿಗೆ ಬರೆದವರ ಪಟ್ಟಿಯಲ್ಲಿ ಅವರ ಹೆಸರೂ ಸೇರಿತ್ತು. ಸ್ಟುಡಿಯೋದಲ್ಲಿ ಅವರ ಪರಿಶ್ರಮ ಸಣ್ಣದಲ್ಲ, ಅದನ್ನು ಒಪ್ಪಬೇಕು. ಆದರೆ ಲಕ್ಷಗಟ್ಟಲೆ ರೆಕಾರ್ಡು ಮಾರಾಟವಾದ ಹಾಡುಗಾರ ತನ್ನ ಸಂಪಾದನೆ ಎಷ್ಟೆಂದು ತಿಳಿಯಲು ಇನ್ನೊಬ್ಬರನ್ನು ಕೇಳಬೇಕಾದ ಸ್ಥಿತಿ ಇತ್ತು. 1958ರ ಕೊನೆಗೆ ಬಡ್ಡಿ ಪೆಟ್ಟಿಯನ್ನು ಬಿಟ್ಟ. ಗೆಳೆಯರು ಪೆಟ್ಟಿಯ ಜೊತೆಗೇ ಉಳಿದರು. ಲೆಕ್ಕ ಚುಕ್ತಾ ಆಗುವ ತನಕ ಹಣ ಬಿಡುಗಡೆಯಾಗಲಿಲ್ಲ.

ಆ ಚಳಿಗಾಲ ಅವನು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನಲ್ಲಿ ಹೆಂಡತಿಯೊಡನೆ ಬಾಡಿಗೆ ಮನೆಯಲ್ಲಿದ್ದ. ಟೇಪ್ ರೆಕಾರ್ಡರ್ ಮುಂದೆ ಒಬ್ಬನೇ ಕೂತು ಹೊಸ ಹಾಡು ಬರೆದು ಹಾಡಿಡುತ್ತಿದ್ದ. ಅಕ್ಟೋಬರಿನಲ್ಲಿ ಪಿಟೀಲು ವಾದ್ಯವೃಂದದೊಡನೆ ಹಾಡಿದ್ದ, ಬೇರೆಯವರ ರೆಕಾರ್ಡುಗಳನ್ನು ತಯಾರಿಸಿಕೊಡುವ ಕೆಲಸವೂ ಶುರುವಾಗಿತ್ತು. ಊರೂರು ಅಲೆಯುವುದು ಅವನಿಗೆ ಬೇಕಾಗಿರಲಿಲ್ಲ. ಹೆಂಡತಿ ಬಸುರಿ, ಕೈಯಲ್ಲಿ ದುಡ್ಡಿಲ್ಲ. ಆದ್ದರಿಂದ 'ವಿಂಟರ್ ಡ್ಯಾನ್ಸ್ ಪಾರ್ಟಿ' ಎಂಬ ಪ್ರವಾಸಕ್ಕೆ ಒಪ್ಪಿಕೊಂಡ.

1959ರ ಜನವರಿ 23ರಂದು ಮಿಲ್ವಾಕಿಯಲ್ಲಿ ಆರಂಭ, 24 ದಿನ, 24 ಊರು. ಜೊತೆಗೆ 17 ವರ್ಷದ ರಿಚಿ ವ್ಯಾಲೆನ್ಸ್, ಬಿಗ್ ಬಾಪರ್ ಎಂದು ಹೆಸರಾದ ಜೆ.ಪಿ. ರಿಚರ್ಡ್‌ಸನ್, ಡಿಯಾನ್ ಮತ್ತವನ ಬೆಲ್ಮಾಂಟ್ಸ್ ತಂಡ, ಫ್ರ್ಯಾಂಕಿ ಸಾರ್ಡೋ. ಬಡ್ಡಿಗೆ ಹೊಸ ಜೊತೆಗಾರರು: ಗಿಟಾರಿಗೆ ಟಾಮಿ ಆಲ್‌ಸಪ್, ಡ್ರಮ್ಮಿಗೆ ಕಾರ್ಲ್ ಬಂಚ್, ಬೇಸ್ ಗಿಟಾರಿಗೆ ಲಬಕ್‌ನ ರೇಡಿಯೋ ನಿರೂಪಕ ವೇಲನ್ ಜೆನ್ನಿಂಗ್ಸ್. ಜೆನ್ನಿಂಗ್ಸ್ ಆ ವಾದ್ಯವನ್ನು ಕೈಗೆತ್ತಿಕೊಂಡು ಕೆಲವೇ ವಾರಗಳಾಗಿದ್ದವು.

ಅಟ್ಲಾಸ್ ಕೈಗೆ ಸಿಕ್ಕರೆ ಈ ದಾರಿಯನ್ನೊಮ್ಮೆ ಬೆರಳಿಟ್ಟು ನೋಡಿ. ವಿಸ್ಕಾನ್ಸಿನ್‌ನಿಂದ ಮಿನ್ನೆಸೋಟಕ್ಕೆ, ತಿರುಗಿ ವಿಸ್ಕಾನ್ಸಿನ್, ಮತ್ತೆ ಮಿನ್ನೆಸೋಟ, ಅಲ್ಲಿಂದ ಅಯೋವಾ, ಮತ್ತೆ ಉತ್ತರದ ತುದಿಯ ಡುಲೂತ್, ಪುನಃ ವಿಸ್ಕಾನ್ಸಿನ್, ಪುನಃ ಅಯೋವಾ. ನಕ್ಷೆ ನೋಡದೆ ಯಾರೋ ಟೆಲಿಫೋನಿನಲ್ಲೇ ಗೊತ್ತುಮಾಡಿದಂತೆ ಕಾಣುತ್ತದೆ. ಜನವರಿಯಲ್ಲಿ ಆ ಸೀಮೆಯಲ್ಲಿ ಕೆರೆಗಳು ಕಲ್ಲಿನಂತೆ ಗಟ್ಟಿಯಾಗಿರುತ್ತವೆ. ಕೊಟ್ಟ ಬಸ್ಸುಗಳು ಹಳೆಯವು, ಹೀಟರ್ ಕೆಲಸ ಮಾಡುತ್ತಿರಲಿಲ್ಲ. ಹನ್ನೊಂದು ದಿನದೊಳಗೆ ಬಸ್ಸನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು, ಪ್ರತಿ ಹೊಸದೂ ಹಿಂದಿನದರ ತಮ್ಮನೇ.

ಜನವರಿ 31ರಂದು ಡುಲೂತ್‌ನಲ್ಲಿ ಹಾಡಿದರು. ಆ ರಾತ್ರಿ ಸಭಿಕರಲ್ಲಿ ಒಬ್ಬ 17 ವರ್ಷದ ಹುಡುಗ ಬಡ್ಡಿಯನ್ನು ನೆಟ್ಟ ಕಣ್ಣಿನಿಂದ ನೋಡುತ್ತಿದ್ದ. ಅವನೇ ಬಾಬ್ ಡಿಲನ್. 2016ರಲ್ಲಿ ಸಾಹಿತ್ಯದ ನೊಬೆಲ್ ಬಂದಾಗ ತನ್ನ ಉಪನ್ಯಾಸದಲ್ಲಿ ಆತ ಆ ರಾತ್ರಿಯನ್ನೂ ಬಡ್ಡಿಯನ್ನೂ ನೆನೆದಿದ್ದಾನೆ.

ಕಾರ್ಯಕ್ರಮ ಮುಗಿಸಿ ಹೊರಟ ಬಸ್ಸು ನಡುರಾತ್ರಿ ವಿಸ್ಕಾನ್ಸಿನ್ನಿನ ಹರ್ಲಿ ಎಂಬ ಊರಿನ ಹತ್ತಿರ, ಕಾಡಿನ ನಡುವೆ ಕೆಟ್ಟು ನಿಂತಿತು. ಹೊರಗೆ ಉಷ್ಣಾಂಶ ಸೊನ್ನೆಗಿಂತ ಸುಮಾರು 35 ಸೆಲ್ಸಿಯಸ್ ಡಿಗ್ರಿ ಕೆಳಗೆ. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಇದರ ಅರ್ಧದಷ್ಟು ತಣ್ಣಗಿರುತ್ತದೆ ಎಂದರೆ ಅಂದಾಜು ಸಿಕ್ಕೀತು. ಇದ್ದಬದ್ದ ಬಟ್ಟೆಯನ್ನೆಲ್ಲ ಹೊದ್ದುಕೊಂಡರು, ಬಸ್ಸಿನ ನಡುದಾರಿಯಲ್ಲಿ ಸುದ್ದಿಪತ್ರಿಕೆಗಳನ್ನು ಸುಟ್ಟು ಕೈಕಾಲು ಕಾಯಿಸಿಕೊಂಡರು. ಸಹಾಯ ಬರುವ ಹೊತ್ತಿಗೆ ಡ್ರಮ್ಮಿನ ಕಾರ್ಲ್ ಬಂಚ್‌ನ ಪಾದಗಳು ಹಿಮಕ್ಕೆ ಮರಗಟ್ಟಿದ್ದವು. ಅವನನ್ನು ಆಸ್ಪತ್ರೆಗೆ ಸೇರಿಸಿ ಉಳಿದವರು ಮುಂದೆ ಹೋದರು. ಮಧ್ಯಾಹ್ನದ ಪ್ರದರ್ಶನ ರದ್ದಾಯಿತು, ರಾತ್ರಿಯದು ಗ್ರೀನ್ ಬೇ ಎಂಬಲ್ಲಿ ನಡೆಯಿತು. ಡ್ರಮ್ ಬಾರಿಸುವವನಿಲ್ಲದೆ ಹಾಡುಗಾರರೇ ಸರದಿಯ ಮೇಲೆ ಬಾರಿಸಿದರು. ಒಬ್ಬನ ಹಾಡಿಗೆ ಇನ್ನೊಬ್ಬ ಹಿಂದೆ ಕೂತು ತಾಳ ಹಾಕುವ ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ಫೆಬ್ರುವರಿ 2 ರಜೆ ಆಗಬೇಕಿತ್ತು. ಖಾಲಿ ದಿನವೇಕೆ ಎಂದು ಅಯೋವಾದ ಕ್ಲಿಯರ್ ಲೇಕ್‌ನ ಸರ್ಫ್ ಬಾಲ್‌ರೂಮನ್ನು ಸೇರಿಸಿದರು. ಟಿಕೆಟ್ ಒಂದೂಕಾಲು ಡಾಲರ್. ಮರುದಿನದ ಊರು ಮಿನ್ನೆಸೋಟದ ಮೂರ್‌ಹೆಡ್, ರಸ್ತೆಯಲ್ಲಿ ಸುಮಾರು 580 ಕಿಲೋಮೀಟರ್. ಮತ್ತೆ ಅದೇ ಬಸ್ಸು, ಅದೇ ರಾತ್ರಿ. ಒಗೆಯದ ಬಟ್ಟೆಗಳ ಗಂಟು ಬೇರೆ ಬೆಳೆದಿತ್ತು. ಬಡ್ಡಿ ಹತ್ತಿರದ ಮೇಸನ್ ಸಿಟಿಯಿಂದ ನಾಲ್ಕು ಸೀಟಿನ ಒಂದು ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನ ಗೊತ್ತುಮಾಡಿದ, ತಲೆಗೆ 36 ಡಾಲರ್. ಬೇಗ ತಲುಪಿ, ಬಟ್ಟೆ ಒಗೆಸಿ, ಒಂದು ರಾತ್ರಿ ಹಾಸಿಗೆಯಲ್ಲಿ ಮಲಗಬೇಕು ಎಂಬುದಷ್ಟೇ ಆಸೆ. ಅವನದು ಶೋಕಿ ಎಂದು ಬರೆದವರಿದ್ದಾರೆ. ಮೇಲಿನ ಹನ್ನೊಂದು ದಿನಗಳನ್ನು ಓದಿದ ಮೇಲೆ ನನಗೆ ಹಾಗೆ ಅನಿಸುವುದಿಲ್ಲ.

ಪೈಲಟ್ ಬಿಟ್ಟರೆ ಮೂರು ಜಾಗ. ಒಂದು ಬಡ್ಡಿಗೆ, ಉಳಿದೆರಡು ಜೆನ್ನಿಂಗ್ಸ್ ಮತ್ತು ಆಲ್‌ಸಪ್‌ಗೆ. ರಿಚರ್ಡ್‌ಸನ್‌ಗೆ ಫ್ಲೂ ಜ್ವರ, ದಪ್ಪ ಮೈ, ಬಸ್ಸಿನ ಸೀಟು ಅವನಿಗೆ ಶಿಕ್ಷೆ. ಜೆನ್ನಿಂಗ್ಸ್ ತನ್ನ ಜಾಗ ಅವನಿಗೆ ಬಿಟ್ಟುಕೊಟ್ಟ. ಇದು ತಿಳಿದ ಬಡ್ಡಿ, ನಿಮ್ಮ ಬಸ್ಸು ಹಿಮದಲ್ಲಿ ಹೂತುಹೋಗಲಿ ಎಂಬರ್ಥದಲ್ಲಿ ಚೇಷ್ಟೆ ಮಾಡಿದ. ಜೆನ್ನಿಂಗ್ಸ್ ಅದಕ್ಕೆ ಪ್ರತಿಯಾಗಿ, ನಿನ್ನ ವಿಮಾನ ಬೀಳಲಿ ಎಂದು ತಮಾಷೆಗೆ ಅಂದ. ಸ್ನೇಹಿತರ ನಡುವೆ ದಿನಕ್ಕೆ ಹತ್ತು ಸಲ ಆಡುವಂಥ ಮಾತು. ಮುಂದೆ ದೊಡ್ಡ ಹಾಡುಗಾರನಾದ ಜೆನ್ನಿಂಗ್ಸ್ 2002ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಹೊತ್ತು ತಿರುಗಿದ. ಉಳಿದ ಒಂದು ಜಾಗಕ್ಕೆ ರಿಚಿ ವ್ಯಾಲೆನ್ಸ್ ಮತ್ತು ಆಲ್‌ಸಪ್ ನಾಣ್ಯ ಚಿಮ್ಮಿಸಿದರು. ರಿಚಿ ಗೆದ್ದ. ಅವನಿಗೆ ವಿಮಾನವೆಂದರೆ ಭಯ. ಎರಡು ವರ್ಷದ ಹಿಂದೆ ಎರಡು ವಿಮಾನಗಳು ಆಕಾಶದಲ್ಲಿ ಡಿಕ್ಕಿಯಾಗಿ ಅವನ ಶಾಲೆಯ ಅಂಗಳದ ಮೇಲೆ ಬಿದ್ದು ಮಕ್ಕಳು ಸತ್ತಿದ್ದರು. ಅಜ್ಜನ ಅಂತ್ಯಕ್ರಿಯೆಗೆ ಹೋಗಿದ್ದರಿಂದ ಅವನು ಅಂದು ಶಾಲೆಯಲ್ಲಿರಲಿಲ್ಲ.

ಫೆಬ್ರುವರಿ 3ರ ನಸುಕು, ಒಂದು ಗಂಟೆಗೆ ಕೆಲವು ನಿಮಿಷ ಮುಂಚೆ ವಿಮಾನ ಏರಿತು. ಪೈಲಟ್ ರೋಜರ್ ಪೀಟರ್ಸನ್‌ಗೆ 21 ವರ್ಷ. ಕಣ್ಣಿಗೆ ನೆಲ ಕಾಣುವಾಗ ಹಾರಿಸಲು ಅವನಿಗೆ ಪರವಾನಗಿ ಇತ್ತು, ಬರೀ ಉಪಕರಣ ನೋಡಿ ಹಾರಿಸಲು ಇರಲಿಲ್ಲ. ಆ ರಾತ್ರಿ ಹಿಮ ಉದುರುತ್ತಿತ್ತು, ಕೆಳಗೆ ಹೊಲಗಳಲ್ಲಿ ಒಂದು ದೀಪವಿಲ್ಲ. ಹವಾಮಾನ ಕೆಡುತ್ತಿದೆ ಎಂಬ ಎಚ್ಚರಿಕೆ ಪ್ರಕಟಣೆಗಳು ಹೊರಟಿದ್ದರೂ ಅವನಿಗೆ ತಲುಪಿರಲಿಲ್ಲ.

ನಾನು ಹೇಳಿದ ಉಪಕರಣ ಈಗ ಬಂತು. ಹೊರಗೆ ಕತ್ತಲಾಗಿ ದಿಗಂತ ಕಾಣದಿದ್ದರೆ, ವಿಮಾನ ಏರುತ್ತಿದೆಯೋ ಇಳಿಯುತ್ತಿದೆಯೋ ನಮ್ಮ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ತಿಳಿಯುವುದಿಲ್ಲ. ತಿರುವಿನಲ್ಲಿ ವೇಗೋತ್ಕರ್ಷ ಸೀಟಿನ ಕಡೆಗೇ ಒತ್ತುವುದರಿಂದ ಎಲ್ಲ ನೆಟ್ಟಗಿದೆ ಎನಿಸುತ್ತದೆ. ಅದಕ್ಕಾಗಿ ಗೈರೋಸ್ಕೋಪ್ ಇರುವ ಕೃತಕ ದಿಗಂತ ಎಂಬ ಗಡಿಯಾರದಂಥ ಸಾಧನವನ್ನು ಇಟ್ಟಿರುತ್ತಾರೆ. ಆ ವಿಮಾನದಲ್ಲಿದ್ದದ್ದು ಸ್ಪೆರಿ ಕಂಪನಿಯ ಹಳೆಯ ಮಾದರಿ. ಅದು ಏರಿಳಿತವನ್ನು ಬೇರೆ ಸಾಧನಗಳಿಗೆ ತೀರ ತದ್ವಿರುದ್ಧವಾಗಿ ತೋರಿಸುತ್ತಿತ್ತು. ಬೇರೆ ಮಾದರಿಯಲ್ಲಿ ಅಭ್ಯಾಸವಾದವನು ಗಾಬರಿಯಲ್ಲಿ ಅದನ್ನು ನೋಡಿದರೆ, ಇಳಿಯುತ್ತಿರುವಾಗ ಏರುತ್ತಿದ್ದೇನೆ ಎಂದುಕೊಳ್ಳಬಹುದು. ತನಿಖೆ ಮಾಡಿದ ಸರ್ಕಾರಿ ವಿಮಾನಯಾನ ಮಂಡಳಿ ಇದೇ ಸಾಧ್ಯತೆಯನ್ನು ಬರೆದಿದೆ. ಕಲಿತದ್ದು ಕಡಿಮೆ, ಕೈಗೆ ಸಿಕ್ಕಿದ್ದು ಅಪರಿಚಿತ ಸಾಧನ. ಆ ಹುಡುಗನ ಮೇಲೆ ನನಗೆ ಸಿಟ್ಟು ಬರುವುದಿಲ್ಲ.

ಕೆಲವೇ ನಿಮಿಷಗಳಲ್ಲಿ, ಹತ್ತು ಕಿಲೋಮೀಟರಿನೊಳಗೆ, ವಿಮಾನ ಮೆಕ್ಕೆಜೋಳದ ಹೊಲಕ್ಕೆ ಅಪ್ಪಳಿಸಿತು. ನಾಲ್ವರೂ ಸ್ಥಳದಲ್ಲೇ ತೀರಿಕೊಂಡರು. ಬೆಳಿಗ್ಗೆ ಒಂಬತ್ತೂವರೆಯವರೆಗೂ ಯಾರಿಗೂ ತಿಳಿಯಲಿಲ್ಲ. ವಿಮಾನದ ಮಾಲೀಕರೇ ಇನ್ನೊಂದು ವಿಮಾನದಲ್ಲಿ ಹುಡುಕುತ್ತ ಹೋಗಿ ಕಂಡರು. ಮರಿಯಾ ಎಲೆನಾಗೆ ಸುದ್ದಿ ಮುಟ್ಟಿದ್ದು ಟಿವಿಯಿಂದ. ಆಘಾತದಿಂದ ಗರ್ಭ ನಿಲ್ಲಲಿಲ್ಲ. ಅಂತ್ಯಕ್ರಿಯೆಗೂ ಆಕೆ ಹೋಗಲಾಗಲಿಲ್ಲ.

ಬಸ್ಸು ಮಾತ್ರ ಮೂರ್‌ಹೆಡ್ ತಲುಪಿತು. ಅಲ್ಲಿ ಕಾರ್ಯಕ್ರಮ ನಿಲ್ಲಿಸಲಿಲ್ಲ. ಖಾಲಿ ಜಾಗ ತುಂಬಲು ಪಕ್ಕದ ಊರಿನ ಹುಡುಗರ ತಂಡವೊಂದನ್ನು ಕರೆತಂದರು. ಅದರ ಹಾಡುಗಾರ ಬಾಬಿ ವೀಗೆ 15 ವರ್ಷ. ಜೆನ್ನಿಂಗ್ಸ್ ಮತ್ತು ಆಲ್‌ಸಪ್ ಉಳಿದ ಊರುಗಳಿಗೂ ಅದೇ ಪ್ರವಾಸದಲ್ಲಿ ಹೋದರು, ಎರಡು ವಾರ. ಸತ್ತವರ ಬದಲಿಗೆ ಬೇರೆ ಹಾಡುಗಾರರು ಬಂದು ಸೇರಿದರು.

ಲಬಕ್‌ನ ಸ್ಮಶಾನದಲ್ಲಿ ಅವನ ಸಮಾಧಿಯ ಕಲ್ಲಿನ ಮೇಲೆ ಗಿಟಾರಿನ ಚಿತ್ರ ಕೆತ್ತಿದೆ. ಹೆಸರಿನಲ್ಲಿ ಆ ಇ ಅಕ್ಷರವನ್ನು ಮನೆಯವರು ಮತ್ತೆ ಸೇರಿಸಿದ್ದಾರೆ.

ಕನ್ನಡಕ ಅಪಘಾತದ ದಿನ ಸಿಕ್ಕಿರಲಿಲ್ಲ. ವಸಂತದಲ್ಲಿ ಹಿಮ ಕರಗಿದಾಗ ಹೊಲದಲ್ಲಿ ಸಿಕ್ಕಿತು. ಜಿಲ್ಲಾ ಕಚೇರಿಯವರು ಲಕೋಟೆಗೆ ಹಾಕಿ ಕಡತಗಳ ನಡುವೆ ಇಟ್ಟರು, ಇಟ್ಟದ್ದನ್ನು ಮರೆತರು. 1980ರಲ್ಲಿ ಅಲ್ಲಿನ ಷೆರೀಫ್ ಹಳೆಯ ಕಡತ ತೆಗೆಸುವಾಗ ಅದು ಹೊರಬಂತು. ಈಗ ಲಬಕ್‌ನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿದೆ.